ಹದಿನಾಲ್ಕನೇ ತಾರೀಕಿನ ಸಕ್ಕರೆ

ನಮ್ಮ ಮನೆಯಲ್ಲಿ ತಿಂಗಳು ಒಂದನೇ ತಾರೀಕಿಗೆ ಶುರುವಾಗುವುದಿಲ್ಲ, ಹದಿನಾಲ್ಕಕ್ಕೆ ಶುರುವಾಗುತ್ತದೆ. ಇದು ನಮ್ಮ ಅತ್ತೆಯ ಲೆಕ್ಕ. ನನ್ನ ಗಂಡ ಗೋಡೆಗಳಿಗೆ ಬಣ್ಣ ಬಳಿದು ತರುವುದು, ನಾನು ಲಾಂಡ್ರಿಯಲ್ಲಿ ಊರವರ ಬಟ್ಟೆಯ ಕಲೆ ತೆಗೆದು ತರುವುದು, ಎರಡನ್ನೂ ಒಟ್ಟು ಮಾಡಿ ಮೂವತ್ತು ದಿನಕ್ಕೆ ಹಂಚಿದರೆ ಮೊದಲ ಹದಿಮೂರು ದಿನದ ದುಡಿಮೆ ಪೂರ್ತಿ ಬಾಡಿಗೆಗೇ ಹೋಗುತ್ತದೆ. ಆ ಹದಿಮೂರಕ್ಕೆ ಅತ್ತೆ ‘ಓನರಮ್ಮನ ದಿನಗಳು’ ಎಂದು ಹೆಸರಿಟ್ಟಿದ್ದರು. ಕ್ಯಾಲೆಂಡರಿನಲ್ಲಿ ಹದಿಮೂರರ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆದಿರುತ್ತಿದ್ದರು. ಆ ಗೆರೆ ದಾಟುವವರೆಗೆ ಚಹಾಕ್ಕೆ ಸಕ್ಕರೆ ಇಲ್ಲ. ಹದಿನಾಲ್ಕರ ಬೆಳಿಗ್ಗೆ ಮಾತ್ರ, “ಇವತ್ತಿಂದ ನಮ್ದು ಕಣೇ” ಎಂದು ಡಬ್ಬಿಯ ಮುಚ್ಚಳ ತೆಗೆದು ಪಾತ್ರೆಗೇ ಸಕ್ಕರೆ ಸುರಿದುಬಿಡುತ್ತಿದ್ದರು. ಆ ದಿನದ ಚಹಾ ತುಟಿಗೆ ಅಂಟುತ್ತಿತ್ತು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ದೊಡ್ಡವರು ಹೇಳುತ್ತಾರೆ. ಸರಿ ಸ್ವಾಮಿ, ಚಾಚೋಣ. ಆದರೆ ಆ ಹಾಸಿಗೆ ಹಾಸುವ ನೆಲದ ಬಾಡಿಗೆ ಎಷ್ಟೆಂದು ಅವರಲ್ಲಿ ಒಬ್ಬರಾದರೂ ಕೇಳಿದರೇ? ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದವರಿಗೂ ಬಾಡಿಗೆ ಮನೆ ಹುಡುಕಿ ನೋಡು ಅನ್ನುವುದು ಹೊಳೆಯಲಿಲ್ಲ.

ಈಗಿನ ಮನೆ ನೆಲ ಅಂತಸ್ತಿನದು. ಎರಡು ಕೋಣೆ, ಒಂದು ಅಡುಗೆಮನೆ, ಬಾಗಿಲು ತೆಗೆದರೆ ಒಂದೇ ಮೆಟ್ಟಿಲು, ಆಮೇಲೆ ರಸ್ತೆ. ಆ ಒಂದು ಮೆಟ್ಟಿಲಿಗಾಗಿಯೇ ನಾವು ಇಲ್ಲಿಗೆ ಬಂದದ್ದು. ಮುಂಚೆ ಮೂರನೇ ಮಹಡಿಯಲ್ಲಿದ್ದೆವು. ಅತ್ತೆಯ ಮೊಣಕಾಲು ಕೈಕೊಟ್ಟ ಮೇಲೆ ಎರಡು ವರ್ಷ ಅವರು ಕೆಳಗಿಳಿಯಲಿಲ್ಲ. ಕಿಟಕಿಯಲ್ಲಿ ನಿಂತು ಜನರ ನೆತ್ತಿ ನೋಡುವುದೇ ಅವರ ತಿರುಗಾಟವಾಗಿತ್ತು. “ಮುಖಗಳು ಮರೆತೇ ಹೋದ್ವು, ಬರೀ ಬೋಳುತಲೆಗಳು ಗೊತ್ತು” ಎಂದು ನಗುತ್ತಿದ್ದರು. ಕೊನೆಕೊನೆಗೆ ನಗುವುದನ್ನೂ ಬಿಟ್ಟರು, ಮಾತನ್ನೂ ಬಿಟ್ಟರು. ನನಗೆ ಹೆದರಿಕೆಯಾಯಿತು. ಇಲ್ಲಿಗೆ ಬಂದ ಮೊದಲ ಬೆಳಿಗ್ಗೆ ಬಾಗಿಲ ಹೊರಗೆ ಒಂದು ಕುರ್ಚಿ ಹಾಕಿ ಕೂರಿಸಿದೆ. ಸಂಜೆ ಲಾಂಡ್ರಿಯಿಂದ ಬರುವ ಹೊತ್ತಿಗೆ ಬೀದಿಯ ಅರ್ಧ ಜನರ ಕಷ್ಟಸುಖ ಅವರ ನಾಲಿಗೆಯ ತುದಿಯಲ್ಲಿತ್ತು.

ಇಷ್ಟು ಒಳ್ಳೆಯ ಮನೆ ನಮ್ಮಂಥವರಿಗೆ ಸಿಕ್ಕಿದ್ದು ಹೇಗೆ ಅಂದರೆ, ಆಗ ಅದು ಒಳ್ಳೆಯ ಮನೆ ಆಗಿರಲಿಲ್ಲ. ಒಳಕೋಣೆಯ ಗೋಡೆ ನೀರು ಕುಡಿದು ಕುಡಿದು ಊದಿಕೊಂಡಿತ್ತು. ಮುಟ್ಟಿದರೆ ಗಾರೆ ಹಿಟ್ಟಿನಂತೆ ಉದುರುತ್ತಿತ್ತು. ಅದಕ್ಕೇ ಬಾಡಿಗೆ ಕಡಿಮೆ. ನನ್ನ ಪುಣ್ಯಕ್ಕೋ ಪಾಪಕ್ಕೋ, ನಾನು ಕಟ್ಟಿಕೊಂಡದ್ದು ಕೆಟ್ಟ ಗೋಡೆ ಕಂಡರೆ ಅನ್ನ ಸೇರದ ಮನುಷ್ಯನನ್ನು. ಕೆಲಸದವರ ನಡುವೆ ಅವರ ಹೆಸರೇ ನುಣುಪಣ್ಣ. ಅವರು ಮುಗಿಸಿದ ಗೋಡೆಯ ಮೇಲೆ ನೊಣ ಕೂತರೂ ಜಾರಬೇಕು.

ಎರಡು ವರ್ಷದ ರಜಾದಿನಗಳನ್ನೆಲ್ಲ ಆ ಗೋಡೆ ತಿಂದಿತು. ಇಟ್ಟಿಗೆ ಕಾಣುವವರೆಗೆ ಕೆರೆದರು, ಒಣಗಲು ಬಿಟ್ಟರು, ನೀರು ತಡೆಯುವ ಲೇಪ ಹಾಕಿದರು. ಮೇಲೆ ಪುಟ್ಟಿ, ಮರಳು ಕಾಗದ, ಮತ್ತೆ ಪುಟ್ಟಿ, ಮತ್ತೆ ಮರಳು ಕಾಗದ. ಕೆಲಸದ ಜಾಗದಲ್ಲಿ ಡಬ್ಬಿಗಳ ತಳದಲ್ಲಿ ಉಳಿದ ಬಣ್ಣವನ್ನು ಕೇಳಿ ತಂದು ಕಲಸಿ, ಹೆಸರಿಲ್ಲದ ಒಂದು ತಂಪು ಬಣ್ಣ ಮಾಡಿ ಬಳಿದರು. ನಾನು ಬಡಿದುಕೊಂಡೆ: “ಬಾಡಿಗೆ ಮನೆಗೆ ಇಷ್ಟೆಲ್ಲ ಯಾಕ್ರೀ?”

“ಗೋಡೆಗೆ ಗೊತ್ತಾ ತಾನು ಬಾಡಿಗೆದು ಅಂತ?” ಎಂದರು.

ಗೋಡೆಗೆ ಗೊತ್ತಿರಲಿಲ್ಲ, ಓನರಮ್ಮನಿಗೆ ಗೊತ್ತಿತ್ತು. ಪ್ರತಿ ಒಂದನೇ ತಾರೀಕು ಬಾಗಿಲಲ್ಲೇ ನಿಂತು ಬಾಡಿಗೆ ತೆಗೆದುಕೊಂಡು ಹೋಗುತ್ತಿದ್ದವರು, ಆ ತಿಂಗಳು ಬಿಸಿಲಿಗೆ ಬಾಯಾರಿ ನೀರು ಕೇಳುತ್ತಾ ಒಳಗೆ ಬಂದರು. ಲೋಟ ಕೈಯಲ್ಲೇ ಉಳಿಯಿತು. ಒಳಕೋಣೆಗೆ ಹೋಗಿ ಗೋಡೆಯ ಮೇಲೆ ಅಂಗೈ ಆಡಿಸಿದರು, ಬಟ್ಟೆಯಂಗಡಿಯಲ್ಲಿ ರೇಷ್ಮೆ ನೋಡುವ ಹಾಗೆ. ನನ್ನ ಗಂಡ ಹಿಂದೆ ನಿಂತು ಹಲ್ಲುಕಿರಿಯುತ್ತಾ, “ಎಂಟು ವರ್ಷ ತೇವ ಇತ್ತ ಕಡೆ ತಲೆ ಹಾಕಲ್ಲಮ್ಮಾ” ಎಂದುಬಿಟ್ಟರು. ಆ ಕ್ಷಣಕ್ಕೆ ನನಗೆ ಅವರ ಬಾಯಿಗೇ ಪುಟ್ಟಿ ಮೆತ್ತಬೇಕು ಅನ್ನಿಸಿತು.

ಮೂರನೇ ದಿನ ಫೋನ್ ಬಂತು. ಬಾಡಿಗೆಯನ್ನು ಹತ್ತು ರೂಪಾಯಿಗೆ ನಾಲ್ಕು ರೂಪಾಯಿಯಂತೆ ಏರಿಸಬೇಕು. “ಇಂಥಾ ಮನೆಗೆ ಈ ಬಾಡಿಗೆನಾ? ಜನ ನನ್ನ ನೋಡಿ ನಗ್ತಾರೆ. ಹದಿನಾಲ್ಕನೇ ತಾರೀಕು ನಾಲ್ಕು ಗಂಟೆಗೆ ಒಂದು ಜೋಡಿನ ಕರ್ಕೊಂಡು ಬರ್ತೀನಿ. ಅಷ್ಟರಲ್ಲಿ ನೀವೇ ಕೊಡ್ತೀನಿ ಅಂದ್ರೆ ಸರಿ. ಇಲ್ಲಾಂದ್ರೆ ಅವರಿಗೆ ಕೊಡ್ತೀನಿ, ತಿಂಗಳ ಕೊನೆಗೆ ಖಾಲಿ ಮಾಡಿ.”

ಅತ್ತೆ ಕ್ಯಾಲೆಂಡರಿನ ಮುಂದೆ ನಿಂತು ಬೆರಳು ಮಡಚಿ ಎಣಿಸಿದರು. ಹೊಸ ಬಾಡಿಗೆಗೆ ಗೆರೆ ಹದಿನೆಂಟಕ್ಕೆ ಹೋಗುತ್ತಿತ್ತು. ಉಳಿದ ಹನ್ನೆರಡು ದಿನದ ದುಡಿಮೆಯಲ್ಲಿ ಮೂರು ಹೊಟ್ಟೆ, ಮೊಣಕಾಲಿನ ಔಷಧಿ, ಬಸ್ಸು, ಗ್ಯಾಸು ಎಲ್ಲ ಆಗಬೇಕು. ಆಗುವುದಿಲ್ಲ. ಬೇರೆ ಮನೆ ಹುಡುಕಿದೆ. ನೆಲ ಅಂತಸ್ತೆಲ್ಲ ಅಂಗಡಿಗಳಾಗಿದ್ದವು. ನಮ್ಮ ಅಳತೆಗೆ ಸಿಕ್ಕಿದ್ದು ಒಂದೇ, ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ. ಅತ್ತೆಗೆ ಹೇಳಿದೆ. ಅವರು ಹೊರಗಿದ್ದ ಕುರ್ಚಿಯನ್ನು ತಾವೇ ಎಳೆದು ಒಳಗಿಟ್ಟು, ಅದರ ಮೇಲೆ ಒಗೆದ ಬಟ್ಟೆ ಪೇರಿಸಿದರು. ಆ ಬಟ್ಟೆಯ ರಾಶಿ ನೋಡಿದಾಗಲೇ ನಾನು ಮನಸ್ಸು ಗಟ್ಟಿ ಮಾಡಿದ್ದು.

ಗಂಡನ ಬಳಿ ಮೊದಲು ಸುತ್ತಿ ಬಳಸಿ ಕೇಳಿದೆ. “ರೀ, ಆ ಗೋಡೆಗೆ ಮತ್ತೆ ತೇವ ಬಂದುಬಿಟ್ರೆ?”

“ಯಾಕೆ ಬರುತ್ತೆ?”

“ಬಂದ್ರೆ ಅಂತ ಅಂದೆ. ಹದಿನಾಲ್ಕನೇ ತಾರೀಕು ಮಾತ್ರ ಬಂದ್ರೆ.”

ಅವರಿಗೆ ಅರ್ಥವಾಯಿತು. ಊಟದ ತಟ್ಟೆ ಪಕ್ಕಕ್ಕಿಟ್ಟರು. “ನಾನು ಮಾಡಿದ ಗೋಡೆ ಕಣೇ ಅದು. ಅದರ ಮೇಲೆ ಕೈ ಇಟ್ರೆ ನನ್ನ ಮೇಲೆ ಕೈ ಇಟ್ಟಂಗೆ.” ಓನರಮ್ಮನನ್ನು ಎದುರು ಹಾಕಿಕೊಳ್ಳುವ ಹಾಗೂ ಇರಲಿಲ್ಲ. ಆಕೆಗೆ ಇನ್ನೂ ನಾಲ್ಕು ಕಟ್ಟಡಗಳಿದ್ದವು. ಬಾಡಿಗೆದಾರರು ಬಿಟ್ಟು ಹೋದಾಗೆಲ್ಲ ಆ ಮನೆಗಳಿಗೆ ಬಣ್ಣ ಬಳಿಯುವವರು ನಮ್ಮವರೇ. ಅವರ ಕೆಲಸದ ಅರ್ಧ ಅದೇ. ಆಕೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ತೆಗೆದುಕೊಳ್ಳುತ್ತಿದ್ದರು. ಅತ್ತ ದರಿ, ಇತ್ತ ಪುಲಿ. ನಾನು ಗಂಡನ ಮುಂದೆ ಮತ್ತೆ ಆ ಮಾತು ಎತ್ತಲಿಲ್ಲ.

ಕಲೆಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಒಂಬತ್ತು ವರ್ಷದಿಂದ ಲಾಂಡ್ರಿಯಲ್ಲಿ ಕಲೆ ತೆಗೆಯುವ ಮೇಜಿನ ಮುಂದೆ ನಿಂತಿದ್ದೇನೆ. ಎಣ್ಣೆ, ರಕ್ತ, ಶಾಯಿ, ತುಕ್ಕು, ಯಾವುದೇ ಇರಲಿ, ಕಲೆಯ ಅಂಚು ನೋಡಿದರೆ ಸಾಕು, ಯಾವಾಗ ಬಿದ್ದದ್ದು, ಏನು ಬಿದ್ದದ್ದು ಹೇಳುತ್ತೇನೆ. ಚಹಾದ ಕಲೆ ಒಣಗುತ್ತಾ ಅಂಚಿನಲ್ಲಿ ಕಪ್ಪಾಗುತ್ತದೆ, ನಡುವೆ ತಿಳಿಯಾಗುತ್ತದೆ. ತೇವ ಹಿಡಿದ ಗೋಡೆಯೂ ಹಾಗೇ. ಗಂಡ ಬಣ್ಣದ ನಮೂನೆ ನೋಡಲು ಇಟ್ಟುಕೊಂಡಿದ್ದ ಹಲಗೆಯ ತುಂಡುಗಳ ಹಿಂಬದಿಗೆ, ಅವರು ಕೆಲಸಕ್ಕೆ ಹೋದ ಮೇಲೆ, ದಿನಾ ಸ್ವಲ್ಪ ಚಹಾದ ಡಿಕಾಕ್ಷನ್ ಹಚ್ಚಿ ನೋಡಿದೆ. ಮೊದಲು ತೀರಾ ಕೆಂಪಾಯಿತು, ಆಮೇಲೆ ತೀರಾ ತೆಳು. ಉಪ್ಪುನೀರು ಚಿಮುಕಿಸಿದರೆ ಒಣಗಿದ ಮೇಲೆ ಬಿಳಿ ಹುಡಿ ಕೂರುತ್ತದೆಂದು ಕಂಡುಕೊಂಡೆ. ಹದಿಮೂರನೇ ತಾರೀಕಿಗೆ ನನ್ನ ಕೈ ಕೂತಿತು. ಜನ್ಮವೆಲ್ಲ ಕಲೆ ತೆಗೆದವಳು ಮೊದಲ ಸಲ ಒಂದು ಕಲೆ ಮಾಡಿದ್ದೆ. ಸುಳ್ಳು ಯಾಕೆ ಹೇಳಲಿ, ಒಳಗೊಳಗೇ ಹೆಮ್ಮೆಯಾಯಿತು.

ಅತ್ತೆಗೆ ಮಾತ್ರ ಹೇಳಿದ್ದೆ. “ನಾನೇನು ಮಾಡ್ಲಿ?” ಎಂದು ಸೊಂಟ ಕಟ್ಟಿ ನಿಂತರು.

“ನೀವು ಕೆಮ್ಮಿ. ತೇವದ ಮನೆ ಅಂದ್ರೆ ಕೆಮ್ಮು ಇರ್ಬೇಕಲ್ಲ.”

“ಎಷ್ಟು ಕೆಮ್ಲಿ?”

“ಅಳತೆಯಾಗಿ ಅತ್ತೆ. ಜೀವ ಹೋಗೋ ಹಾಗೆ ಬೇಡ.”

ಹದಿನಾಲ್ಕರಂದು ಮುಂಜಾನೆ ಆರಕ್ಕೇ ಲಾಂಡ್ರಿಗೆ ಹೋಗಿ, ಅರ್ಧ ದಿನ ರಜೆ ಹಾಕಿ ಮಧ್ಯಾಹ್ನ ಎರಡಕ್ಕೆ ಮನೆಗೆ ಓಡಿ ಬಂದೆ. ಗಂಡ ಓನರಮ್ಮನ ಇನ್ನೊಂದು ಕಟ್ಟಡದಲ್ಲಿ ಬಣ್ಣ ಬಳಿಯುತ್ತಿದ್ದರು, ಸಂಜೆ ಆರರವರೆಗೆ ಬರುವುದಿಲ್ಲ. ನಾನು ಹೇಳಿದಂತೆ ಅತ್ತೆ ಗಟ್ಟಿ ಡಿಕಾಕ್ಷನ್ ಕುದಿಸಿ ಸೋಸಿಟ್ಟಿದ್ದರು. ಒಳಕೋಣೆಯ ಬಾಗಿಲ ಪಕ್ಕ, ಸೊಂಟದ ಎತ್ತರಕ್ಕೆ, ಸ್ಪಂಜಿನಿಂದ ಒತ್ತಿ ಒತ್ತಿ ಹಚ್ಚಿದೆ. ಆ ನುಣುಪು ಗೋಡೆ ಮೊದಲು ಹೀರಲೇ ಇಲ್ಲ. ಡಿಕಾಕ್ಷನ್ ಕಣ್ಣೀರಿನಂತೆ ಇಳಿದು ನೆಲಕ್ಕೆ ಬಿತ್ತು. ಗಂಡನ ಮರಳು ಕಾಗದ ತೆಗೆದು ಅವರ ಗೋಡೆಯನ್ನೇ ಉಜ್ಜಿದೆ. ಎರಡು ವರ್ಷದ ನುಣುಪು ಹುಡಿಯಾಗಿ ನನ್ನ ಪಾದದ ಮೇಲೆ ಉದುರಿತು. ಆದರೂ ನಿಲ್ಲಿಸಲಿಲ್ಲ. ಮೂರು ಸಲ ಹಚ್ಚಿ, ಉಪ್ಪುನೀರು ಚಿಮುಕಿಸಿ, ದೂರ ನಿಂತು ನೋಡಿದೆ.

“ಅಯ್ಯಯ್ಯೋ, ನೋಡಿದ್ರೇ ನೆಗಡಿ ಬರುತ್ತೆ” ಎಂದರು ಅತ್ತೆ ಬಾಗಿಲಲ್ಲಿ.

ನಾಲ್ಕಕ್ಕೆ ಇನ್ನೂ ಐದು ನಿಮಿಷ ಇರುವಾಗ ಬಾಗಿಲು ಬಡಿದ ಸದ್ದಾಯಿತು. ಮೊದಲು ಓನರಮ್ಮ ಬಂದರು. ಅವರ ಹಿಂದೆ ಬಸ್ ಡ್ರೈವರ್ ಸಮವಸ್ತ್ರದಲ್ಲಿದ್ದ ಒಬ್ಬ ಮನುಷ್ಯ ಮತ್ತು ಅವನ ಹೆಂಡತಿ. ಅವರ ಹಿಂದೆ, ಮೊಣಕೈವರೆಗೆ ಬಿಳಿ ಬಣ್ಣ ಮೆತ್ತಿಕೊಂಡು, ನನ್ನ ಗಂಡ.

ಸಂಜೆ ಆರಕ್ಕೆ ಬರಬೇಕಿದ್ದವರು!

“ಪೇಂಟರನ್ನೂ ಕರ್ಕೊಂಡು ಬಂದೆ” ಎಂದರು ಓನರಮ್ಮ. “ಮನೆಗೆ ಏನೇನು ಮಾಡಿದೀನಿ ಅಂತ ಅವನೇ ಹೇಳ್ಲಿ. ಇವರೂ ನಂಬ್ತಾರೆ.” ತಾವೇ ಕುಂಚ ಹಿಡಿದು ನಿಂತಿದ್ದಂತೆ ಹೇಳಿದರು. ಗಂಡ ತಲೆ ತಗ್ಗಿಸಿಕೊಂಡು ನಿಂತಿದ್ದರು. ತಮ್ಮ ಮನೆಯನ್ನು ತಾವೇ ಬೇರೆಯವರಿಗೆ ಹೊಗಳಿ ಕೊಡಬೇಕಾದ ಕೆಲಸಕ್ಕೆ ಅವರನ್ನು ಎಳೆದು ತಂದಿದ್ದರು.

ಉಳಿದವರು ಮುಂದಿನ ಕೋಣೆ ನೋಡುತ್ತಿದ್ದಾಗ ಡ್ರೈವರನ ಹೆಂಡತಿ ಅಡುಗೆಮನೆಗೆ ಬಂದಳು. ಕಿಟಕಿಯ ಸರಳು ಹಿಡಿದು ಹೊರಗೆ ನೋಡಿದಳು. ಮೆಲ್ಲಗೆ, “ಅಕ್ಕಾ, ಇದು ನಾವು ನೋಡ್ತಿರೋ ಹನ್ನೊಂದನೇ ಮನೆ. ಅವರ ಸಂಬಳದಲ್ಲಿ ಅರ್ಧ ಇದಕ್ಕೇ ಹೋಗುತ್ತೆ. ಹೋದ್ರೆ ಹೋಗ್ಲಿ ಅನ್ಸುತ್ತೆ. ಈಗಿರೋ ಮನೇಲಿ ಕಿಟಕಿನೇ ಇಲ್ಲ” ಎಂದಳು. ಆಮೇಲೆ ನನ್ನ ಮುಖ ನೋಡಿ ಕೇಳಿದಳು: “ನಿಜ ಹೇಳಿ, ನೀವ್ಯಾಕೆ ಬಿಡ್ತಿದೀರ?”

ನಾನು ಏನೆಲ್ಲ ಸುಳ್ಳು ಕಟ್ಟಿಟ್ಟುಕೊಂಡಿದ್ದೆನೋ ಎಲ್ಲವೂ ಓನರಮ್ಮನಿಗಾಗಿ. ಇವಳಿಗಾಗಿ ಒಂದನ್ನೂ ಕಟ್ಟಿರಲಿಲ್ಲ. ಅಷ್ಟರಲ್ಲಿ ಹೊರಗಿನಿಂದ ಅತ್ತೆ ಕೆಮ್ಮಿದರು. ಅದೇನು ಕೆಮ್ಮು! ಕೆಟ್ಟು ನಿಂತ ಲಾರಿಯನ್ನು ತಳ್ಳಿ ಸ್ಟಾರ್ಟ್ ಮಾಡಿದ ಹಾಗೆ. “ಅತ್ತೆಗೆ... ತೇವ ಆಗಿಬರಲ್ಲ” ಎಂದೆ. ನನ್ನ ಮುಖ ಸುಟ್ಟಿತು.

“ತೇವ ಇದೆಯಾ?” ಎಂದಳು ಅವಳು.

ಉತ್ತರವನ್ನು ಒಳಕೋಣೆಯೇ ಕೊಟ್ಟಿತು. “ಇದೇನಿದು?” ಎಂದು ಓನರಮ್ಮ ಕೂಗಿದ್ದು ಕೇಳಿ ಎಲ್ಲರೂ ಅಲ್ಲಿಗೆ ಹೋದೆವು.

ಕಲೆ ನಾನು ಬಯಸಿದ್ದಕ್ಕಿಂತ ಚೆನ್ನಾಗಿ ಬಲಿತಿತ್ತು. ಅಂಚು ಕಂದಾಗಿ, ನಡುವೆ ಹಳದಿಯಾಗಿ, ಅಲ್ಲಲ್ಲಿ ಬಿಳಿ ಹುಡಿ. ಆದರೆ ನನ್ನ ಕಣ್ಣು ಹೋದದ್ದು ಅಲ್ಲಿಗಲ್ಲ. ಬಾಗಿಲ ಚೌಕಟ್ಟಿನ ಬಿರುಕಿನಿಂದ ಹೊರಟ ಒಂದು ಕಪ್ಪು ಗೆರೆ ಕಲೆಯವರೆಗೆ ಹರಿದಿತ್ತು. ಇರುವೆ! ಸಾಲುಸಾಲಾಗಿ ಬಂದು ಕಲೆಯ ಅಂಚಿಗೆ ಬಾಯಿ ಹಚ್ಚಿ ನಿಂತಿದ್ದವು.

ಹತ್ತು ದಿನ ಹಲಗೆಯ ಮೇಲೆ ಹಚ್ಚಿದಾಗ ಒಂದು ಇರುವೆಯೂ ಬಂದಿರಲಿಲ್ಲ. ಆ ಹತ್ತೂ ದಿನ ಓನರಮ್ಮನ ದಿನಗಳು. ಇವತ್ತು ಹದಿನಾಲ್ಕು. ಮನೆ ನೋಡಲು ಬರುವ ದಿನ ಹದಿನಾಲ್ಕು ಎಂದು ತಲೆಯಲ್ಲಿ ಕೊರೆದಿತ್ತೇ ಹೊರತು, ಸಕ್ಕರೆಯ ದಿನವೂ ಅದೇ ಎಂಬುದು ನನಗೆ ಹೊಳೆದಿರಲಿಲ್ಲ. ಅತ್ತೆಯ ಕೈ ತಾನಾಗಿಯೇ ಡಬ್ಬಿಗೆ ಹೋಗಿತ್ತು.

“ಪೇಂಟರ್, ಏನಿದು? ಒಂದನೇ ತಾರೀಕು ಕನ್ನಡಿ ಥರ ಇತ್ತಲ್ಲ?”

ಗಂಡ ಮುಂದೆ ಬಂದರು. ಗೋಡೆಯ ಮುಂದೆ ಮಂಡಿಯೂರಿ ಕೂತರು. ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿದರು. ಠಣ್ ಎಂದಿತು. ಗಟ್ಟಿ ಗೋಡೆ ಠಣ್ ಅನ್ನುತ್ತದೆ, ಕೆಟ್ಟ ಗೋಡೆ ಡಬ್ ಅನ್ನುತ್ತದೆ, ಇದನ್ನು ನನಗೆ ಕಲಿಸಿದವರೇ ಅವರು. ಮತ್ತೊಮ್ಮೆ ತಟ್ಟಿದರು. ಮತ್ತೆ ಠಣ್. ಮೂಗನ್ನು ಗೋಡೆಯ ಹತ್ತಿರ ಒಯ್ದರು. ಉಜ್ಜಿದ ಗೀರುಗಳ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ತಿರುಗಿ ನನ್ನನ್ನು ನೋಡಿದರು.

ಆ ನೋಟವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಸಿಟ್ಟಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಮದುವೆಯಾದ ಇಷ್ಟು ವರ್ಷಕ್ಕೆ ಈಗ ಗುರುತು ಹತ್ತದವರಂತೆ ನೋಡಿದರು. ಹೊರಗೆ ಅತ್ತೆಯ ಕೆಮ್ಮು ನಿಂತುಹೋಗಿತ್ತು. ಒಂದು ಮಾತು, ಒಂದೇ ಮಾತು ಅವರು ಹೇಳಿದರೆ ಗೋಡೆ ಗೆಲ್ಲುತ್ತಿತ್ತು, ನಾವು ನಾಲ್ಕನೇ ಮಹಡಿಗೆ ಹೋಗುತ್ತಿದ್ದೆವು.

ಅವರು ಎದ್ದು ನಿಂತರು. “ತೇವ ಅಮ್ಮಾ” ಎಂದರು. “ಒಳಗಿಂದ ಬಂದಿದೆ.”

“ಎಂಟು ವರ್ಷ ತಲೆ ಹಾಕಲ್ಲ ಅಂದಿದ್ದೆ?”

“ಅಂದಿದ್ದೆ. ಕೆಲಸ ಸರಿಯಾಗಿಲ್ಲ.”

ಡ್ರೈವರ್ ಬಗ್ಗಿ ನೋಡಿದ. “ಇಷ್ಟೊಂದು ಇರುವೆ ಯಾಕೆ?”

ಗಂಡ ನಿಧಾನವಾಗಿ, ಪದ ಪದ ಹುಡುಕಿ ಹೇಳಿದರು: “ಒಳಗೆ ಪೊಳ್ಳಾದ ಗೋಡೆ ಸರ್. ಇರುವೆ ಗೂಡು ಕಟ್ಟುತ್ವೆ. ಒಂದ್ಸಲ ಹಿಡಿದ್ರೆ ಬಿಡಲ್ಲ.”

ಜೀವಮಾನದಲ್ಲಿ ಒಂದು ಸುಳ್ಳನ್ನೂ ನೆಟ್ಟಗೆ ಹೇಳಲು ಬಾರದ ಮನುಷ್ಯ. ಮನೆಗೆ ತಡವಾಗಿ ಬಂದಾಗ ನೆಪ ಹೇಳಲೂ ತೊದಲುತ್ತಾರೆ. ಅವತ್ತು ತೊದಲಲಿಲ್ಲ.

ಓನರಮ್ಮನ ಮುಖ ಹುಣಸೆಹಣ್ಣು ಕಚ್ಚಿದಂತಾಗಿತ್ತು. ಕಲೆಯನ್ನು ನೋಡಿದರು, ನನ್ನ ಗಂಡನನ್ನು ನೋಡಿದರು. ಆಮೇಲೆ ನಾನು ಕನಸಿನಲ್ಲೂ ಎಣಿಸದಿದ್ದ ಪ್ರಶ್ನೆ ಕೇಳಿದರು. “ಹಂಗಾದ್ರೆ ನನ್ನ ಬೇರೆ ಮನೆಗಳಲ್ಲೂ ಹೀಗೇ ಮಾಡಿದೀಯಾ?”

ಇಲ್ಲ ಅನ್ನಿ, ಇಲ್ಲ ಅನ್ನಿ ಎಂದು ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಆದರೆ ಇಲ್ಲ ಎಂದರೆ, ಅಲ್ಲಿ ಚೆನ್ನಾಗಿ ನಿಂತ ಕೆಲಸ ಇಲ್ಲಿ ಮಾತ್ರ ಯಾಕೆ ಕೆಟ್ಟಿತು ಎಂದು ಆಕೆ ಕೇಳದೆ ಬಿಡುತ್ತಿದ್ದರೇ? ಗಂಡನಿಗೆ ಅದು ನನಗಿಂತ ಮುಂಚೆ ಹೊಳೆದಿತ್ತು.

“ಅದೇ ಸಾಮಾನು, ಅದೇ ಕೈ ಅಮ್ಮಾ” ಎಂದರು.

ಡ್ರೈವರನ ಹೆಂಡತಿ ಹೊರಡುವಾಗ ಅಡುಗೆಮನೆಯ ಕಿಟಕಿಯನ್ನು ಇನ್ನೊಮ್ಮೆ ತಿರುಗಿ ನೋಡಿದಳು. ಹನ್ನೆರಡನೇ ಮನೆ ಅವಳಿಗೆ ಎಂಥದ್ದು ಸಿಕ್ಕಿತೋ ನನಗೆ ಗೊತ್ತಿಲ್ಲ. ಆ ಕಿಟಕಿಯ ಮುಂದೆ ನಿಂತಾಗೆಲ್ಲ ಇವತ್ತಿಗೂ ಅವಳ ನೆನಪಾಗುತ್ತದೆ. ಓನರಮ್ಮ ಮೆಟ್ಟಿಲಿಳಿದು ನಿಂತು ತೀರ್ಪು ಕೊಟ್ಟರು: “ಹಳೇ ಬಾಡಿಗೆಗೇ ಇರಿ. ರಿಪೇರಿ ಗಿಪೇರಿ ಅಂತ ನನ್ನ ಹತ್ರ ಬರ್ಬೇಡಿ. ಪೇಂಟರ್, ನಾಳೆಯಿಂದ ಆ ಕೆಲಸಕ್ಕೆ ಬರೋದು ಬೇಡ. ಬೇರೆಯವರನ್ನ ನೋಡ್ಕೋತೀನಿ.”

ಅವರು ಬೀದಿ ತಿರುಗಿದ ಮೇಲೆ ಗಂಡ ಒದ್ದೆ ಬಟ್ಟೆ ತಂದು ಇರುವೆಗಳನ್ನು ಒಂದೊಂದಾಗಿ ಸರಿಸಿದರು.

“ಟೀಗೆ ಸಕ್ಕರೆ ಹಾಕಿತ್ತಾ?” ಎಂದು ಮಾತ್ರ ಕೇಳಿದರು.

“ಹದಿನಾಲ್ಕಲ್ವೇನೋ ಇವತ್ತು” ಎಂದರು ಅತ್ತೆ, ತಪ್ಪು ಮಾಡಿದ ಮಗುವಿನ ದನಿಯಲ್ಲಿ.

ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಬಾಯಿಗೆ ಸೆರಗು ತುರುಕಿಕೊಂಡು ಬಿಕ್ಕಿದೆ. ಗಂಡ ಬೈದಿದ್ದರೆ ನಾನೂ ನಾಲ್ಕು ಮಾತು ಹಿಂತಿರುಗಿಸುತ್ತಿದ್ದೆ, ಜಗಳವಾಗಿ ಮುಗಿಯುತ್ತಿತ್ತು. ಬೈಯಲೇ ಇಲ್ಲ.

ಊರಿಗೆ ಸುದ್ದಿ ಮುಟ್ಟಲು ವಾರವೂ ಬೇಕಾಗಲಿಲ್ಲ. ನುಣುಪಣ್ಣನ ಸ್ವಂತ ಮನೆಯ ಗೋಡೆಗೇ ತೇವವಂತೆ, ಅವನೇ ಒಪ್ಪಿಕೊಂಡನಂತೆ ಎಂದು ಬಣ್ಣದಂಗಡಿಯಲ್ಲಿ ನಕ್ಕರು. ಮೊದಲು ಅವರೇ ಬೇಕೆಂದು ಕಾಯುತ್ತಿದ್ದ ಒಬ್ಬಿಬ್ಬರು ಬೇರೆಯವರನ್ನು ಕರೆದರು. ಗಂಡ ಬೆಳಿಗ್ಗೆ ಹೊರಡುವ ಹೊತ್ತಿಗೇ ಹೊರಟು, ಮಧ್ಯಾಹ್ನಕ್ಕೇ ಮನೆಗೆ ಬರತೊಡಗಿದರು. ಕುಂಚಗಳನ್ನು ತೊಳೆಯದೆಯೂ ಅವು ಸ್ವಚ್ಛವಾಗಿರುತ್ತಿದ್ದವು.

ಒಂದು ದಿನ ತಡೆಯಲಾಗದೆ ಹೇಳಿದೆ. “ನಾನೇ ಹೋಗಿ ಓನರಮ್ಮನಿಗೆ ಹೇಳ್ತೀನಿ ರೀ. ಮಾಡಿದ್ದು ನಾನು, ನಿಮ್ಮ ಕೈಯಲ್ಲಿ ತಪ್ಪಿಲ್ಲ ಅಂತ ಹೇಳ್ತೀನಿ.”

“ಹೇಳು” ಎಂದರು. “ಕೆಲಸ ವಾಪಸ್ ಬರುತ್ತೆ, ಮನೆ ಹೋಗುತ್ತೆ.” ಬಾಗಿಲ ಕಡೆ ನೋಡಿದರು. ಹೊರಗೆ ಅತ್ತೆ ಕುರ್ಚಿಯಲ್ಲಿ ಕೂತು ದಾರಿಹೋಕರೊಬ್ಬರಿಗೆ ಮೊಣಕಾಲಿನ ಕಥೆ ಹೇಳುತ್ತಿದ್ದರು. ಬಟ್ಟೆಯ ರಾಶಿ ತೆಗೆದು ಆ ಕುರ್ಚಿಯನ್ನು ಮತ್ತೆ ಹೊರಗಿಟ್ಟದ್ದು ಅವರ ಮಗನೇ, ಓನರಮ್ಮ ಹೋದ ಸಂಜೆಯೇ. ನಾನು ಹೇಳಲು ಹೋಗಲಿಲ್ಲ.

ತಿಂಗಳ ಕೊನೆಯ ದಿನ ಅತ್ತೆ ಕ್ಯಾಲೆಂಡರಿನ ಹಾಳೆ ಮಗುಚಿದರು. ನನ್ನ ಸಂಬಳ ಕೇಳಿದರು, ಮಗನಿಗೆ ಬಂದದ್ದೆಷ್ಟೆಂದು ಕೇಳಿದರು, ಬೆರಳು ಮಡಚಿದರು. ಮತ್ತೊಮ್ಮೆ ಮಡಚಿದರು. ಬಾಡಿಗೆ ಒಂದು ಬಿಡಿಗಾಸೂ ಏರಿರಲಿಲ್ಲ. ಗೆರೆ ಇಪ್ಪತ್ತರ ಪಕ್ಕದಲ್ಲಿ ಬಿತ್ತು. ಓನರಮ್ಮ ಕೇಳಿದಷ್ಟು ಕೊಟ್ಟಿದ್ದರೆ ಹದಿನೆಂಟಕ್ಕೆ ನಿಲ್ಲುತ್ತಿತ್ತು. ಮೂವರಿಗೂ ಎಣಿಸಲು ಬರುತ್ತಿತ್ತು. ಮಾಡಿದ್ದುಣ್ಣೋ ಮಹರಾಯ ಅನ್ನುವುದು ಸರಿ. ಇಲ್ಲಿ ನಾನು ಮಾಡಿದೆ, ಅವರು ಉಂಡರು.

ಒಂದನೇ ತಾರೀಕು ಹತ್ತು ಗಂಟೆಗೆ ಓನರಮ್ಮ ಬಾಡಿಗೆಗೆ ಬರುವವರಿದ್ದರು. ಗೋಡೆ ಎಷ್ಟು ಕೆಟ್ಟಿದೆ ಎಂದು ಒಳಗೆ ಬಂದು ನೋಡುತ್ತೇನೆಂದು ಮೊದಲೇ ಫೋನ್ ಮಾಡಿದ್ದರು. ಕಲೆ ಒಣಗಿ ಮಂಕಾಗಿತ್ತು, ಇರುವೆ ತಿಂದಲ್ಲಿ ಅಂಚು ಹರಿದಿತ್ತು. ಬೆಳಿಗ್ಗೆ ಏಳಕ್ಕೆ, ಬೇರೆ ದಾರಿ ಕಾಣದೆ, ಡಿಕಾಕ್ಷನ್‌ಗೆ ನೀರಿಟ್ಟೆ. ಸ್ಪಂಜು ಹಿಡಿದು ಒಳಕೋಣೆಗೆ ಹೋದರೆ ಗಂಡ ಆಗಲೇ ಅಲ್ಲಿದ್ದರು. ನೆಲಕ್ಕೆ ಹಳೆಯ ಪೇಪರ್ ಹಾಸಿ, ಬ್ಲೇಡು, ಕುಂಚ, ನೀರಿನ ಡಬ್ಬಿ ಎಲ್ಲ ಸಾಲಾಗಿ ಇಟ್ಟುಕೊಂಡು, ದೊಡ್ಡ ಕೆಲಸಕ್ಕೆ ಕೂರುವ ಹಾಗೆ ಕೂತಿದ್ದರು.

“ಸೊಂಟದೆತ್ತರಕ್ಕೆ ಹಾಕಿದೀಯ” ಎಂದರು, ನನ್ನನ್ನು ನೋಡದೆ. “ಇಂಥಾ ತೇವ ನೆಲದಿಂದ ಏರುತ್ತೆ. ಕಣ್ಣಿರೋರು ಯಾರಾದ್ರೂ ಬಂದಿದ್ರೆ ಅವತ್ತೇ ಸಿಕ್ಕಿಬೀಳ್ತಿದ್ವಿ.”

ಬ್ಲೇಡನ್ನು ನೆಲದ ಹತ್ತಿರ ಗೋಡೆಗೆ ಇಟ್ಟು ಒತ್ತಿದರು. ಎರಡು ವರ್ಷ ಮರಳು ಕಾಗದ ಹಿಡಿದು ತಾವೇ ಉಜ್ಜಿದ ಪುಟ್ಟಿ ಚಕ್ಕೆಯಾಗಿ ಎದ್ದು ಬಂತು. ಅಂಚನ್ನು ಬೆರಳಿನಿಂದ ಪುಡಿ ಮಾಡಿದರು, ಗುಳ್ಳೆ ಒಡೆದಂತೆ ಕಾಣಲು. ಒದ್ದೆ ಕುಂಚದಿಂದ ಕೆಳಗಿನಿಂದ ಮೇಲಕ್ಕೆ, ನಿಜವಾದ ತೇವ ಹತ್ತುವಂತೆಯೇ, ಒಂದು ಕಡೆ ಎತ್ತರ, ಒಂದು ಕಡೆ ತಗ್ಗು ಮಾಡುತ್ತಾ ಹೋದರು. ಗೋಡೆ ಕಟ್ಟಿದ ದಿನದಿಂದಲೂ ಹಾಗೇ ಇತ್ತೇನೋ ಅನ್ನುವಷ್ಟು ಚೆನ್ನಾಗಿ ಕೆಡಿಸುತ್ತಿದ್ದರು. ನನಗೆ ನೋಡಲಾಗಲಿಲ್ಲ, ನೋಡದೆ ಇರಲೂ ಆಗಲಿಲ್ಲ.

ಹಿಂದಕ್ಕೆ ಕೈ ಚಾಚಿದರು. “ಡಿಕಾಕ್ಷನ್ ಕೊಡು. ಸಕ್ಕರೆ ಹಾಕಿಲ್ಲ ತಾನೇ?”

ಉತ್ತರ ಹೊರಗಿನ ಕುರ್ಚಿಯಿಂದ ಬಂತು.

“ಹೆದರಬೇಡ ಬಳಿಯೋ ಮಗನೇ. ಇಪ್ಪತ್ತೊಂದರ ತನಕ ಈ ಮನೇಲಿ ಸಕ್ಕರೆ ಇಲ್ಲ.”